ಅವಸರದ ಎರಡು ಅರ್ಥಗಳು: ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಮೊಬೈಲು, ಹೊತ್ತು ಮತ್ತು ಕನ್ನಡ

೧

‘ಅವಸರ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಒದಗಿಬಂದ ಸಮಯ, ಅನುಕೂಲದ ಸಂದರ್ಭ, ಬಿಡುವು ಎಂಬ ಅರ್ಥಗಳಿವೆ. ಅದೇ ಶಬ್ದ ಇಂದಿನ ತೆಲುಗಿನಲ್ಲಿ ಅಗತ್ಯವನ್ನು ಹೇಳುತ್ತದೆ, ಇಂದಿನ ಕನ್ನಡದಲ್ಲಿ ಆತುರವನ್ನು ಹೇಳುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ದ್ವಿಭಾಷಿಕ ಮನೆಗಳಲ್ಲಿ ಈ ಎರಡು ಅರ್ಥಗಳು ಒಂದೇ ನಾಲಿಗೆಯ ಮೇಲೆ ಕೂತಿರುತ್ತವೆ. ‘ರೊಕ್ಕದ ಅವಸರ ಐತಿ’ ಎಂಬ ಮಾತನ್ನು ಕೇಳಿದವರು ಹಣ ಬೇಕಾಗಿದೆ ಎಂದಾದರೂ ತಿಳಿಯಬಹುದು, ಹಣ ತಡವಾಗಬಾರದು ಎಂದಾದರೂ ತಿಳಿಯಬಹುದು. ಯಾವುದೆಂಬುದನ್ನು ಹೇಳುವವರ ಮುಖ ಮತ್ತು ಸಂದರ್ಭಗಳೇ ನಿರ್ಧರಿಸುತ್ತವೆ.

ಮೊಬೈಲ್ ಫೋನ್ ಕೈಗೆ ಬಂದ ಮೇಲೆ ಈ ಸೀಮೆಯ ಕಾಲಪ್ರಜ್ಞೆಯಲ್ಲಿ ಉಂಟಾದ ಬದಲಾವಣೆಯನ್ನು ಈ ಒಂದು ಶಬ್ದದ ಮೂಲಕವೇ ವಿವರಿಸಲು ಸಾಧ್ಯವಿದೆ. ಅಗತ್ಯಕ್ಕೂ ಆತುರಕ್ಕೂ ನಡುವೆ ಹಿಂದೆ ಒಂದು ಅಂತರವಿತ್ತು. ಬೇಕಾದದ್ದೆಲ್ಲ ಈಗಲೇ ಬೇಕಾಗಿರಲಿಲ್ಲ. ಆ ಅಂತರ ಕುಗ್ಗಿದೆ. ಅದು ಕುಗ್ಗಿದಂತೆ ಶಬ್ದದ ಮೂಲಾರ್ಥವಾದ ಬಿಡುವು ಮರೆಗೆ ಸರಿದಿದೆ. ‘ತಂತ್ರಜ್ಞಾನದಿಂದ ಎಲ್ಲರಿಗೂ ಸಮಯ ಸಾಲುತ್ತಿಲ್ಲ’ ಎಂಬ ಸಾಮಾನ್ಯ ದೂರು ಇಷ್ಟನ್ನು ಮಾತ್ರ ಹೇಳಿ ಸುಮ್ಮನಾಗುತ್ತದೆ. ಯಾರ ಬಿಡುವು ಯಾರ ಆತುರಕ್ಕೆ ಸಂದಾಯವಾಗುತ್ತಿದೆ, ಆ ಬಿಡುವಿನಲ್ಲಿ ಯಾವ ಭಾಷೆ ಬದುಕಿತ್ತು ಎಂಬ ಪ್ರಶ್ನೆಗಳನ್ನು ಅದು ಕೇಳುವುದಿಲ್ಲ. ಗಡಿಭಾಗದ ಕನ್ನಡಕ್ಕೆ ಈ ಎರಡನೆಯ ಪ್ರಶ್ನೆ ಅಳಿವು ಉಳಿವಿನದು.

೨

ಕನ್ನಡದ ಕಾಲವಾಚಕಗಳಲ್ಲಿ ಹಲವು ವಸ್ತುಗಳ ಹೆಸರುಗಳು. ‘ಗಳಿಗೆ’ ಎಂಬುದು ‘ಘಟಿಕಾ’ದ ತದ್ಭವ. ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಹಿಡಿಯುವ ಅವಧಿ, ಅಂದರೆ ೨೪ ನಿಮಿಷ. ಉತ್ತರ ಕರ್ನಾಟಕದಲ್ಲೂ ಗಡಿಸೀಮೆಯಲ್ಲೂ ಬಳಕೆಯಲ್ಲಿರುವ ‘ತಾಸು’ ಅರಬ್ಬಿ ಪಾರಸಿ ಮೂಲದಿಂದ ಮರಾಠಿಯ ಮೂಲಕ ಬಂದದ್ದು. ಅದರ ಹಿಂದಿರುವುದು ಬಟ್ಟಲು, ಬಾರಿಸುವ ಕಂಚಿನ ತಟ್ಟೆ. ‘ಗಂಟೆ’ ಬಾರಿಸುವ ಗಂಟೆಯೇ. ‘ಹೊತ್ತು’ ಮಾತ್ರ ಸೂರ್ಯನದು: ಅದು ಹುಟ್ಟುತ್ತದೆ, ಏರುತ್ತದೆ, ಮುಳುಗುತ್ತದೆ. ಹಳಗನ್ನಡದ ‘ಪೊೞ್ತು’, ತೆಲುಗಿನ ‘ಪ್ರೊದ್ದು’ ಒಂದೇ ಬೇರಿನ ಶಬ್ದಗಳು. ಈ ನಾಲ್ಕರಲ್ಲೂ ಒಂದು ಸಾಮ್ಯವಿದೆ. ಬಟ್ಟಲು, ತಟ್ಟೆ, ಗಂಟೆ, ಸೂರ್ಯ ಇವೆಲ್ಲ ಊರಿನ ಕಣ್ಣಿಗೆ ಕಾಣುವಂಥವು ಇಲ್ಲವೇ ಕಿವಿಗೆ ಕೇಳುವಂಥವು. ಹೊತ್ತು ಎಷ್ಟಾಯಿತೆಂಬುದು ಯಾರೊಬ್ಬರ ಗುಟ್ಟೂ ಆಗಿರಲಿಲ್ಲ.

ಹಾಗೆಂದು ಈ ಸೀಮೆ ಒಂದೇ ಕಾಲದಲ್ಲಿ ಬದುಕಿತ್ತೆಂದು ಭಾವಿಸಬೇಕಾಗಿಲ್ಲ. ನಿಜಾಮರ ಆಡಳಿತದಲ್ಲಿ ಕಂದಾಯದ ಲೆಕ್ಕ ಫಸಲಿ ವರ್ಷದ್ದು. ಆ ಹೆಸರಿನಲ್ಲಿಯೇ ಬೆಳೆಯಿದೆ. ಯುಗಾದಿ ಶಾಲಿವಾಹನ ಶಕೆಯ ಪಂಚಾಂಗದ್ದು, ಮೊಹರಂ ಹಿಜರಿಯದ್ದು. ೧೮೭೧ರಲ್ಲಿ ಮುಂಬಯಿ ಕಡೆಯ ರೈಲುಮಾರ್ಗವೂ ಮದರಾಸು ಕಡೆಯ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದಾಗ ಕೃಷ್ಣಾ ನದಿಯ ಸೇತುವೆಯ ಮೇಲೆ ಹಾದುಬಂದದ್ದು ಉಗಿಬಂಡಿಯೊಂದೇ ಅಲ್ಲ, ನಿಮಿಷಗಳ ಲೆಕ್ಕವೂ ಹೌದು. ೧೯೦೬ರ ಜನವರಿ ೧ರಂದು ಭಾರತೀಯ ಪ್ರಮಾಣಿತ ಕಾಲ ಜಾರಿಗೆ ಬಂತು. ಅದು ೮೨.೫ ಡಿಗ್ರಿ ಪೂರ್ವ ರೇಖಾಂಶವನ್ನು ಅವಲಂಬಿಸಿದ್ದು; ನಾರಾಯಣಪೇಟೆ ಮತ್ತು ಮಕ್ತಲ್‌ಗಳು ಅದರಿಂದ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿವೆ. ಆದ್ದರಿಂದ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ ೨೦ ನಿಮಿಷ ಹಿಂದೆ. ನೆತ್ತಿಯ ಮೇಲಿನ ಹೊತ್ತಿಗೂ ಗೋಡೆಯ ಮೇಲಿನ ಹೊತ್ತಿಗೂ ನಡುವಿನ ಈ ೨೦ ನಿಮಿಷಗಳೊಂದಿಗೆ ಈ ಸೀಮೆ ಒಂದು ಶತಮಾನಕ್ಕೂ ಹೆಚ್ಚು ಕಾಲ ನೆಮ್ಮದಿಯಿಂದ ಬಾಳಿದೆ. ರೈಲು ಹಿಡಿಯುವವರಿಗೆ ಒಂದು ಕಾಲ, ಬಿತ್ತುವವರಿಗೆ ಒಂದು ಕಾಲ.

ಹಾಗಾದರೆ ಫೋನು ತಂದ ಹೊಸತೇನು? ವೇಗವೊಂದನ್ನೇ ಉತ್ತರವಾಗಿ ಕೊಟ್ಟರೆ ಸಾಲದು. ತಂತಿಯೂ ರೈಲೂ ತಮ್ಮ ಕಾಲದಲ್ಲಿ ವೇಗವನ್ನೇ ತಂದವು. ಹೊಸತಿರುವುದು ಎರಡು ಕಡೆ. ಮೊದಲನೆಯದು, ಹೊತ್ತು ಖಾಸಗಿಯಾಯಿತು. ಫೋನಿನ ಸದ್ದು ಎಲ್ಲರಿಗೂ ಕೇಳಿಸಿದರೂ ಅದು ಕರೆಯುವುದು ಒಬ್ಬರನ್ನೇ. ಎರಡನೆಯದು, ಹೊತ್ತು ಉತ್ತರ ಕೇಳತೊಡಗಿತು. ೨೦೧೪ರ ನವೆಂಬರಿನಲ್ಲಿ ವಾಟ್ಸಾಪ್ ನೀಲಿ ಗುರುತುಗಳನ್ನು ತಂದ ಮೇಲೆ ಸಂದೇಶ ಓದಿದ ಕ್ಷಣವೇ ಕಳಿಸಿದವರಿಗೆ ತಿಳಿಯುವಂತಾಯಿತು. ಕಾಗದಕ್ಕೆ ಉತ್ತರ ಬರೆಯಲು ವಾರ ತೆಗೆದುಕೊಂಡವರನ್ನು ಯಾರೂ ತಪ್ಪಿತಸ್ಥರೆಂದು ಎಣಿಸುತ್ತಿರಲಿಲ್ಲ. ಈಗ ಓದಿಯೂ ಉತ್ತರಿಸದವರು ಲೆಕ್ಕ ಒಪ್ಪಿಸಬೇಕು. ಗಂಟೆ ಹೊತ್ತನ್ನು ತಿಳಿಸಿ ಸುಮ್ಮನಾಗುತ್ತಿತ್ತು. ನೀಲಿ ಗುರುತು ಸುಮ್ಮನಾಗುವುದಿಲ್ಲ.

೩

ಈ ವಿಷಯದ ಮೇಲಿನ ಪಾಶ್ಚಾತ್ಯ ಚರ್ಚೆಯನ್ನು ಇಲ್ಲಿಗೆ ತಂದು ನೋಡುವಾಗ ಎಷ್ಟು ಒಗ್ಗುತ್ತದೆ, ಎಷ್ಟು ಒಗ್ಗುವುದಿಲ್ಲ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಇ. ಪಿ. ಥಾಂಪ್ಸನ್ ೧೯೬೭ರ ತನ್ನ ಪ್ರಬಂಧದಲ್ಲಿ ಕೆಲಸ ಮುಗಿಯುವುದನ್ನು ಅಳತೆಯಾಗಿ ಇಟ್ಟುಕೊಂಡ ಕಾಲವನ್ನೂ ಕಾರ್ಖಾನೆಯ ಗಡಿಯಾರ ಅಳೆಯುವ ಕಾಲವನ್ನೂ ಬೇರೆ ಮಾಡಿ ತೋರಿಸಿದ. ೨೦೦೫ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ತನ್ನ ಗ್ರಂಥದಲ್ಲಿ ಹಾರ್ಟ್‌ಮುಟ್ ರೋಸಾ ಆಧುನಿಕತೆಯ ತಿರುಳನ್ನೇ ವೇಗವರ್ಧನೆ ಎಂದು ಗುರುತಿಸಿದ: ತಂತ್ರ, ಸಮಾಜ, ಬದುಕಿನ ಲಯ ಮೂರೂ ಒಂದನ್ನೊಂದು ತಳ್ಳುತ್ತ ಹೋಗುತ್ತವೆ. ೨೦೧೫ರಲ್ಲಿ ಜೂಡಿ ವಾಯ್ಕ್‌ಮನ್ ಇದಕ್ಕೆ ಒಂದು ತಡೆ ಹಾಕಿದರು. ಯಂತ್ರ ತಾನಾಗಿಯೇ ಯಾರನ್ನೂ ಧಾವಂತಕ್ಕೆ ದೂಡುವುದಿಲ್ಲ, ಅದನ್ನು ಯಾವ ಬಗೆಯ ದುಡಿಮೆ, ಯಾವ ಬಗೆಯ ಕುಟುಂಬ, ಯಾವ ಮೌಲ್ಯಗಳು ಬಳಸಿಕೊಳ್ಳುತ್ತವೆ ಎಂಬುದು ಮುಖ್ಯ ಎಂದರು.

ವಾಯ್ಕ್‌ಮನ್ ಅವರ ತಿದ್ದುಪಡಿಗೆ ಗಡಿಸೀಮೆಯ ಭಾಷೆಗಳೇ ಸಾಕ್ಷಿ ಒದಗಿಸುತ್ತವೆ. ಇಲ್ಲಿ ವಿರಾಮವನ್ನು ಹೇಳಲು ಮೂರು ಶಬ್ದಗಳಿವೆ. ತೆಲುಗಿನ ‘ತೀರಿಕ’ ಹುಟ್ಟಿದ್ದು ‘ತೀರು’ ಧಾತುವಿನಿಂದ: ಕೆಲಸ ತೀರಿದ ಮೇಲೆ ಉಳಿಯುವುದು. ಕನ್ನಡದ ‘ಬಿಡುವು’ ‘ಬಿಡು’ವಿನಿಂದ: ಕೆಲಸ ತನ್ನ ಹಿಡಿತವನ್ನು ಸಡಿಲಿಸಿದಾಗ ಸಿಗುವುದು. ಮೂರನೆಯದು ಉರ್ದುವಿನ ‘ಫುರ್ಸತ್’. ಅದು ಕನ್ನಡಕ್ಕೆ ಬಂದು ‘ಪುರುಸೊತ್ತು’ ಆಯಿತು. ಆಗ ಅದರ ಕೊನೆಯಲ್ಲಿ ಕನ್ನಡದ ‘ಸೊತ್ತು’ ಎಂಬ ಪದ ತಾನಾಗಿ ಕೇಳಿಸುವಂತಾಯಿತು. ವ್ಯುತ್ಪತ್ತಿಯ ದೃಷ್ಟಿಯಿಂದ ಇದು ಆಕಸ್ಮಿಕ, ಅರ್ಥದ ದೃಷ್ಟಿಯಿಂದ ತೀರ ಆಕಸ್ಮಿಕವೇನಲ್ಲ. ಮೂರು ಶಬ್ದಗಳೂ ಕೆಲಸಕ್ಕೊಂದು ಕೊನೆಯಿದೆ ಎಂದು ನಂಬಿ ಹುಟ್ಟಿದವು. ಫೋನಿನ ಪರದೆಯ ಮೇಲೆ ಬೆರಳಾಡಿಸಿದಷ್ಟೂ ಏರಿಬರುವ ಸಾಲಿಗೆ ‘ತೀರು’ವುದು ಎಂಬುದಿಲ್ಲ. ಅಲ್ಲಿ ತೀರಿಕ ಹುಟ್ಟುವುದಕ್ಕೆ ವ್ಯಾಕರಣದಲ್ಲಿಯೇ ಎಡೆಯಿಲ್ಲ.

ನಾಲ್ಕನೆಯ ಶಬ್ದವೊಂದು ಇತ್ತೀಚೆಗೆ ಬಂದು ಸೇರಿದೆ: ‘ಬ್ಯುಸಿ’. ‘ಪುರುಸೊತ್ತಿಲ್ಲ’ ಎನ್ನುವವರು ಒಂದು ಕೊರತೆಯನ್ನು ಹೇಳಿಕೊಳ್ಳುತ್ತಾರೆ, ಅದರಲ್ಲಿ ಸಣ್ಣ ಕ್ಷಮಾಪಣೆಯೂ ಇರುತ್ತದೆ. ‘ಬ್ಯುಸಿ ಇದ್ದೇನೆ’ ಎನ್ನುವವರು ಒಂದು ಸ್ಥಾನವನ್ನು ಹೇಳಿಕೊಳ್ಳುತ್ತಾರೆ. ೧೮೯೯ರಲ್ಲಿ ಥಾರ್ಸ್ಟೀನ್ ವೆಬ್ಲೆನ್ ವಿರಾಮವನ್ನು ಸಿರಿವಂತಿಕೆಯ ಪ್ರದರ್ಶನವೆಂದು ಬಣ್ಣಿಸಿದ್ದ. ಇಂದು ವಿರಾಮ ಇಲ್ಲದಿರುವುದೇ ಆ ಪ್ರದರ್ಶನ. ಗದ್ವಾಲದ ಸಂಸ್ಥಾನದ ಕಾಲದಲ್ಲಿ ಕಾಯಿಸುವುದು ದೊಡ್ಡವರ ಲಕ್ಷಣ, ಕಾಯುವುದು ಸಣ್ಣವರ ಪಾಡು. ಪ್ರತಿಷ್ಠೆಯ ರೂಪ ತಿರುವುಮುರುವಾದರೂ ಕಾಯುವವರು ಬದಲಾಗಿಲ್ಲ. ಸಾರಾ ಶರ್ಮಾ ೨೦೧೪ರ ತಮ್ಮ ಕೃತಿಯಲ್ಲಿ ಹೇಳಿದ ಮಾತು ಇಲ್ಲಿ ಹೆಚ್ಚು ಉಪಯುಕ್ತ. ಎಲ್ಲರ ಕಾಲವೂ ಸಮನಾಗಿ ವೇಗ ಪಡೆಯುವುದಿಲ್ಲ, ಕೆಲವರ ಕಾಲವನ್ನು ಇನ್ನು ಕೆಲವರ ಕಾಲಕ್ಕೆ ಹೊಂದಿಸಲಾಗುತ್ತದೆ. ಮಗ್ಗ, ಕೂಲಿ, ಮನೆಮಾತು ಎಂಬ ಮೂರು ನೆಲೆಗಳಲ್ಲಿ ಈ ಹೊಂದಾಣಿಕೆಯನ್ನು ಪರಿಶೀಲಿಸಬಹುದು.

೪

ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯದು. ಎರಡು ಬಗೆಯ ನೂಲುಗಳ ಹಿಗ್ಗು ಕುಗ್ಗುಗಳು ಬೇರೆ. ಒಡಲಿನ ಲಾಳಿ ಬೇರೆ, ಅಂಚಿನ ಲಾಳಿಗಳು ಬೇರೆ. ಹೊಕ್ಕಿನ ಎಳೆಗಳನ್ನು ಸಂಧಿಯಲ್ಲಿ ಒಂದಕ್ಕೊಂದು ಸಿಕ್ಕಿಸಿ ಮುಂದುವರಿಯಬೇಕು. ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿಗೆ ಎಳೆಗೆ ಎಳೆ ಕೂಡಿಸಬೇಕು. ಒಂದೇ ಮಗ್ಗಕ್ಕೆ ಇಬ್ಬರು ಕೂತು ಹಲವು ದಿನ ದುಡಿದರೆ ಒಂದು ಸೀರೆ. ನಾರಾಯಣಪೇಟೆಯಲ್ಲಿ ಒಂದು ಹಾಸಿಗೆ ಎಂಟು ಸೀರೆ ಎಂಬುದು ರೂಢಿಯ ಲೆಕ್ಕ. ಒಮ್ಮೆ ಹಾಸು ಏರಿತೆಂದರೆ ಮುಂದಿನ ವಾರಗಳು ಅದರೊಂದಿಗೇ ನಿಗದಿಯಾಗುತ್ತವೆ. ಈ ಕಾಲ ಥಾಂಪ್ಸನ್ ಹೇಳಿದ ಕೆಲಸದ ಕಾಲ. ಹಣಿಗೆ ಬಡಿಯುವ ಲಯವೇ ಅದರ ಗಡಿಯಾರ.

ಫೋನು ಈ ಲಯವನ್ನು ಮುಟ್ಟಿಲ್ಲ. ಮುಟ್ಟಲು ಅದಕ್ಕೆ ಸಾಧ್ಯವೂ ಇಲ್ಲ. ಕೈಮಗ್ಗದ ಸೀರೆಗೆ ಎರಡು ಪಟ್ಟು ವೇಗ ಎಂಬುದಿಲ್ಲ. ಅದು ಬದಲಿಸಿರುವುದು ಮಗ್ಗದ ಸುತ್ತಲಿನ ಕಾಲವನ್ನು. ಹಿಂದೆ ಸೀರೆ ಮುಗಿದ ಮೇಲೆ ಸಾವುಕಾರನ ಅಂಗಡಿಗೋ ಸಹಕಾರ ಸಂಘಕ್ಕೋ ಹೋಗುತ್ತಿತ್ತು. ಕೊಳ್ಳುವವರ ಮುಖ ನೇಕಾರನಿಗೆ ಕಾಣುತ್ತಿರಲಿಲ್ಲ, ಅವರ ಆತುರವೂ ಕೇಳಿಸುತ್ತಿರಲಿಲ್ಲ. ಈಗ ಮಗ್ಗದ ಮೇಲಿನ ಅರ್ಧ ಸೀರೆಯ ಚಿತ್ರವೇ ದೂರದ ಊರಿಗೆ ಹೋಗುತ್ತದೆ. ಬಣ್ಣ ಬದಲಾಗಬಹುದೇ, ಹಬ್ಬದೊಳಗೆ ಸಿಗಬಹುದೇ, ಎಲ್ಲಿಯವರೆಗೆ ಬಂತು ಎಂಬ ಪ್ರಶ್ನೆಗಳು ತಿರುಗಿ ಬರುತ್ತವೆ. ನಡುವಿನ ದಲ್ಲಾಳಿಯನ್ನು ದಾಟಿ ಮಾರಲು ಸಿಕ್ಕ ದಾರಿ ಲಾಭದ್ದೇ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಉತ್ತರಿಸುವ ಕೆಲಸಕ್ಕೆ ಸೀರೆಯ ಬೆಲೆಯಲ್ಲಿ ಸ್ಥಳವಿಲ್ಲ. ಕಂಡಿಕೆ ಸುತ್ತುವ ಕೆಲಸದಂತೆಯೇ ಅದೂ ಮನೆಯವರ ಲೆಕ್ಕಕ್ಕೆ ಬಾರದ ದುಡಿಮೆಗೆ ಸೇರುತ್ತದೆ. ಕೊಳ್ಳುವವರ ಆತುರ ತಾಳದಿದ್ದಾಗ ಗೆಲ್ಲುವುದು ಅದೇ ವಿನ್ಯಾಸವನ್ನು ಅಚ್ಚೊತ್ತಿದಂತೆ ತೆಗೆದುಕೊಡುವ ಯಂತ್ರಮಗ್ಗ.

ಮಾರಾಟದ ಈ ಅವಸರ ಚರಿತ್ರೆಯನ್ನೂ ಬಿಟ್ಟಿಲ್ಲ. ನಾರಾಯಣಪೇಟೆ ಸೀರೆಯನ್ನು ಮಾರುವ ಅಂತರ್ಜಾಲ ಪುಟಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಕಾಣಸಿಗುತ್ತದೆ. ೧೬೩೦ರಲ್ಲಿ ಶಿವಾಜಿ ಈ ಸೀಮೆಯಲ್ಲಿ ಬೀಡುಬಿಟ್ಟಿದ್ದನೆಂದೂ ಅವನು ಮುಂದೆ ಸಾಗಿದಾಗ ಹಿಂದುಳಿದ ಕೆಲವು ನೇಕಾರರಿಂದ ಈ ಸೀರೆ ಹುಟ್ಟಿತೆಂದೂ ಅದು ಹೇಳುತ್ತದೆ. ೧೬೩೦ ಶಿವಾಜಿ ಹುಟ್ಟಿದ ವರ್ಷವೆಂದು ಸಾಮಾನ್ಯವಾಗಿ ಒಪ್ಪಿಕೊಂಡ ವರ್ಷ. ತೊಟ್ಟಿಲ ಕೂಸು ದಂಡಿನೊಂದಿಗೆ ಬೀಡುಬಿಟ್ಟಿರಲಾರದು. ಅವನ ದಕ್ಷಿಣ ದಂಡಯಾತ್ರೆ, ಗೋಲ್ಕೊಂಡದ ಭೇಟಿ ೧೬೭೭ರವು. ಮರಾಠಿ ಸಂಪರ್ಕದ ನೆನಪು ಈ ಐತಿಹ್ಯದಲ್ಲಿ ನಿಜವಾಗಿಯೇ ಇರಬಹುದು. ಸೀರೆಯ ಅಂಚಿನ ಮೇಲೂ ಊರಿನ ಮಾತಿನ ಮೇಲೂ ಮರಾಠಿಯ ಛಾಯೆ ಇದೆ. ಬಾಯಿಂದ ಬಾಯಿಗೆ ಬರುವ ಐತಿಹ್ಯಕ್ಕೆ ಇಸವಿ ಬೇಕಿಲ್ಲ, ‘ಹಿಂದಕ’ ಎಂದರೆ ಸಾಕು. ಮಾರಾಟದ ಪುಟಕ್ಕೆ ಇಸವಿ ಬೇಕು. ಒಂದು ಪುಟದಿಂದ ಇನ್ನೊಂದಕ್ಕೆ ಅಂಟಿಸುವ ಕ್ಷಣದಲ್ಲಿ ಅದನ್ನು ತಾಳೆ ನೋಡಲು ಯಾರಿಗೂ ಪುರುಸೊತ್ತಿಲ್ಲ. ಹೀಗೆ ಅವಸರ ಭೂತಕಾಲಕ್ಕೂ ಕೈಯಿಡುತ್ತದೆ.

೫

ಮಗ್ಗದವರ ಸಮಸ್ಯೆ ಧಾವಂತವಾದರೆ ಕೂಲಿಯವರದು ಕಾಯುವಿಕೆ. ಹಳೆಯ ಮಹಬೂಬನಗರ ಜಿಲ್ಲೆಯಿಂದ ಅಣೆಕಟ್ಟು, ಕಾಲುವೆ, ಕಟ್ಟಡಗಳ ಕೆಲಸಕ್ಕೆ ದೇಶದುದ್ದಕ್ಕೂ ಹೋದವರಿಗೆ ‘ಪಾಲಮೂರು ಲೇಬರ್’ ಎಂಬ ಹೆಸರೇ ಬಿದ್ದಿದೆ. ಊರಿನಲ್ಲಿ ಉಳಿದವರಿಗೆ ಉದ್ಯೋಗ ಖಾತರಿ ಯೋಜನೆ ಒಂದು ಆಸರೆಯಾಯಿತು. ಆ ಯೋಜನೆಯ ಕೂಲಿ ಬಹುಮಟ್ಟಿಗೆ ಅಗೆದ ಮಣ್ಣಿನ ಅಳತೆಗೆ ಕಟ್ಟಿದ್ದು. ಬಿಸಿಲೇರುವ ಮುನ್ನ ತಮ್ಮ ಪಾಲಿನ ಅಳತೆ ಮುಗಿಸಿ ಮನೆಗೋ ಹೊಲಕ್ಕೋ ಹೋಗುವ ಸ್ವಾತಂತ್ರ್ಯ ಅದರಲ್ಲಿತ್ತು. ೨೦೨೩ರ ಜನವರಿ ೧ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಡೆ ಮೊಬೈಲ್ ಆ್ಯಪ್ ಮೂಲಕ ಹಾಜರಿ ಕಡ್ಡಾಯವಾಯಿತು. ಸ್ಥಳ ಮತ್ತು ವೇಳೆಯ ಗುರುತಿನೊಡನೆ ದಿನಕ್ಕೆ ಎರಡು ಬಾರಿ ಕೂಲಿಗಳ ಚಿತ್ರ ತೆಗೆಯಬೇಕು.

ಸುಳ್ಳು ಹಾಜರಿಯನ್ನು ತಡೆಯುವುದು ಇದರ ಘೋಷಿತ ಉದ್ದೇಶ. ಆ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಅಳತೆಯ ಕೆಲಸ ಮುಗಿಸಿದವರು ಎರಡನೆಯ ಚಿತ್ರಕ್ಕಾಗಿ ಇರಬೇಕು, ಇಲ್ಲವೇ ಮತ್ತೆ ಬರಬೇಕು. ನೆಟ್‌ವರ್ಕ್ ಸಿಗದಿದ್ದರೆ ಇನ್ನೂ ಕಾಯಬೇಕು. ಕೆಲಸದ ಕಾಲವೂ ಗಡಿಯಾರದ ಕಾಲವೂ ಒಂದೇ ದೇಹದ ಮೇಲೆ ಒಟ್ಟಿಗೆ ಬಿದ್ದಿವೆ. ಕೂಲಿ ಮೊದಲನೆಯದರ ಲೆಕ್ಕದಲ್ಲಿ, ಹಾಜರಿ ಎರಡನೆಯದರ ಲೆಕ್ಕದಲ್ಲಿ. ಡಿಜಿಟಲ್ ಯುಗದಲ್ಲಿ ಎಲ್ಲರೂ ಧಾವಂತದಲ್ಲಿದ್ದಾರೆ ಎಂಬ ಮಾತು ಈ ಕೂಲಿಯ ಮುಂದೆ ನಿಲ್ಲುವುದಿಲ್ಲ. ಅವಳ ಹೊತ್ತು ಓಡುತ್ತಿಲ್ಲ, ತಡೆಹಿಡಿಯಲ್ಪಟ್ಟಿದೆ. ಅದೂ ಬಿಡುವಲ್ಲ, ಬಿಟ್ಟರೆ ತಾನೇ ಬಿಡುವು? ವೇಗವರ್ಧನೆಯ ಸಿದ್ಧಾಂತ ತನ್ನ ಉದಾಹರಣೆಗಳನ್ನು ನಗರದ ಮೇಜಿನ ಮುಂದೆ ಕೂತವರಿಂದ ಆರಿಸಿಕೊಂಡದ್ದರಿಂದ ಈ ಕಾಯುವಿಕೆ ಅದಕ್ಕೆ ಚೆನ್ನಾಗಿ ಕಾಣಲಿಲ್ಲ.

೬

ಈ ಸೀಮೆಯ ಕನ್ನಡದ ಕಾಲ ಯಾವುದು ಎಂಬುದು ಮೂರನೆಯ ಪ್ರಶ್ನೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮಕ್ತಲ್, ನಾರಾಯಣಪೇಟೆಗಳು ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ೨೦೧೪ರಲ್ಲಿ ತೆಲಂಗಾಣ ಬಂತು, ೨೦೧೬ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, ೨೦೧೯ರಲ್ಲಿ ನಾರಾಯಣಪೇಟೆ ಜಿಲ್ಲೆ. ಇಷ್ಟು ಸಲ ನಕ್ಷೆ ಬದಲಾದರೂ ಕಚೇರಿಯ ವೇಳೆ ಕನ್ನಡದ್ದಾಗಲಿಲ್ಲ. ಕೃಷ್ಣಾ ಮಂಡಲದ ಗಡಿಗ್ರಾಮಗಳಲ್ಲಿ ಕನ್ನಡ ಶಾಲೆಗಳಿವೆ. ಅವುಗಳ ಆಚೆ ಶಾಲೆಯ ವೇಳೆ ತೆಲುಗಿಗೂ ಇಂಗ್ಲಿಷಿಗೂ ಸೇರಿದ್ದು. ೨೦೧೮ರ ಕಾಯ್ದೆಯಿಂದ ತೆಲುಗು ಕಲಿಕೆ ಎಲ್ಲ ಶಾಲೆಗಳಲ್ಲಿ ಕಡ್ಡಾಯವಾಗಿದೆ. ಹಾಗಾಗಿ ಕನ್ನಡಕ್ಕೆ ಉಳಿದದ್ದು ಹೊತ್ತು ಮುಳುಗಿದ ಮೇಲಿನ ಕಾಲ: ಅಂಗಳ, ಕಟ್ಟೆ, ಭಜನೆ, ಬೀಸುವ ಹಾಡು ನಿಂತ ಮೇಲೂ ಉಳಿದ ಅಡುಗೆಮನೆಯ ಮಾತು, ಮದುವೆ ಜಾತ್ರೆಗಳಲ್ಲಿ ಕೂಡುವ ನೆಂಟರು. ಬಹುಸಂಖ್ಯಾತ ಭಾಷೆಗೆ ಬಿಡುವು ಎಂಬುದು ಕೆಲಸದ ನಡುವಿನ ವಿರಾಮ. ಇಲ್ಲಿನ ಕನ್ನಡಕ್ಕೆ ಬಿಡುವೇ ಅದರ ಕೆಲಸದ ವೇಳೆ.

ಫೋನು ಮೊದಲು ತುಂಬಿದ್ದು ಸರಿಯಾಗಿ ಇದೇ ವೇಳೆಯನ್ನು. ಸಂಜೆಯ ಎರಡು ಮೂರು ತಾಸುಗಳಲ್ಲಿ ಮನೆಯ ನಾಲ್ವರು ನಾಲ್ಕು ಪರದೆಗಳಲ್ಲಿ ಇರುವಾಗ ಕೇಳಿಸುವ ಮಾತು ಹಿಂದಿ, ತೆಲುಗು, ಇಂಗ್ಲಿಷುಗಳದು. ಮನೆಮಾತು ಅಳಿಯುವುದು ಯಾರೋ ಅದನ್ನು ನಿಷೇಧಿಸಿದ್ದರಿಂದಲೇ ಆಗಬೇಕಿಲ್ಲ. ಅದನ್ನು ಆಡುವ ಹೊತ್ತು ಬೇರೆಡೆಗೆ ಹೋದರೂ ಸಾಕು.

ಆದರೆ ಇದರ ಇನ್ನೊಂದು ಮುಖವನ್ನು ಬಿಟ್ಟರೆ ವಿಮರ್ಶೆ ಅರ್ಧವಾಗುತ್ತದೆ. ತೆಲುಗು ಮಾಧ್ಯಮದಲ್ಲಿ ಓದಿದ, ಕನ್ನಡ ಆಡಬಲ್ಲ ಆದರೆ ಓದಲಾರದ ಮೊಮ್ಮಗನಿಗೂ ಅಕ್ಷರವೇ ಬಾರದ ಅಜ್ಜಿಗೂ ನಡುವೆ ಮೊದಲ ಬಾರಿಗೆ ದೂರವನ್ನು ದಾಟಿದ ಕನ್ನಡ ಸಾಧ್ಯವಾದದ್ದು ಧ್ವನಿಸಂದೇಶದಿಂದ. ಅಂಚೆಯ ಕಾಗದ ಮಾಡಲಾರದ್ದನ್ನು ಅದು ಮಾಡಿದೆ. ರಾಯಚೂರಿಗೆ ಕೊಟ್ಟ ಮಗಳು, ಮುಂಬಯಿಗೆ ದುಡಿಯಲು ಹೋದ ಮಗ, ಊರಿನ ತಾಯಿ ಇವರೆಲ್ಲ ಒಂದೇ ಗುಂಪಿನಲ್ಲಿ ಇದ್ದಾರೆ. ಲಿಪಿಯ ಗೋಡೆ ಅಲ್ಲಿ ಅಡ್ಡಬರುವುದಿಲ್ಲ. ಗಡಿಕನ್ನಡದ ಒಳದನಿ, ಕ್ರಿಯಾಪದಗಳ ಮೊಟಕು ರೂಪ, ತೆಲುಗಿನಿಂದ ಬಂದ ಎಳೆತ ಯಾವುದೂ ಶಿಷ್ಟ ಬರಹದಲ್ಲಿ ಸೋಸಿಹೋಗದೆ ಹಾಗೆಯೇ ದಾಖಲಾಗುತ್ತದೆ. ಇದು ಸಣ್ಣ ಲಾಭವಲ್ಲ.

ಇದೇ ಸೌಲಭ್ಯಕ್ಕೆ ೨೦೨೧ರಲ್ಲಿ ಇನ್ನೊಂದು ಗುಂಡಿ ಸೇರಿತು. ಧ್ವನಿಸಂದೇಶವನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳಬಹುದು. ಅಜ್ಜಿಯ ಎರಡು ನಿಮಿಷದ ಕನ್ನಡವನ್ನು ಒಂದು ನಿಮಿಷದಲ್ಲಿ ಕೇಳಿ ಮುಗಿಸಬಹುದು. ಸುದ್ದಿ ತಲುಪುತ್ತದೆ: ಮಳೆ ಬಂತು, ಎಮ್ಮೆ ಈದಿತು, ಸೊಸೆಗೆ ಜ್ವರ. ಕಳೆದುಹೋಗುವುದು ಮಾತಿನ ನಡುವೆ ಅವಳು ನಿಲ್ಲುವ ಜಾಗ, ‘ಮತ್ತ’ ಎಂದು ಎಳೆದು ಇನ್ನೊಂದಕ್ಕೆ ಹೊರಳುವ ಬಗೆ. ಭಾಷೆ ಮಾಹಿತಿಯಾಗಿ ಮಾತ್ರ ದಾಟಿಬಂದಾಗ ಅದನ್ನು ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ. ಆಗ ಕನ್ನಡವೇ ಏಕೆ ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಉಳಿಯುವುದಿಲ್ಲ.

೭

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ: ಕಳೆದುಹೋದುದೆಂದು ಹಾಡಿ ಹೊಗಳುವ ಆ ಬಿಡುವು ಯಾರದಾಗಿತ್ತು? ಹನುಮಪ್ಪನ ಕಟ್ಟೆಯ ಮೇಲೆ ಕೂರಲು ಎಲ್ಲ ಜಾತಿಯವರಿಗೂ ಎಡೆಯಿರಲಿಲ್ಲ. ಗಂಡಸರು ಕಟ್ಟೆಯ ಮೇಲೆ ಕಳೆದ ಸಂಜೆಯ ಹಿಂದೆ ಒಲೆಯ ಮುಂದೆ ಕಳೆದ ಹೆಂಗಸರ ಸಂಜೆಯಿತ್ತು. ಮಗ್ಗದ ಮನೆಯಲ್ಲಿ ಹೆಂಗಸಿನ ‘ಬಿಡುವು’ ಎಂದರೆ ರಾಟೆ ತಿರುಗಿಸುವ ಹೊತ್ತು. ಗುತ್ತಿಗೆದಾರನ ಮಾತನ್ನೇ ನಂಬಿ ದೂರದೂರಿಗೆ ಹೋದ ಪಾಲಮೂರಿನ ಕೂಲಿಗೆ ಮನೆಗೆ ಒಂದು ಕರೆ ಮಾಡುವ ಸಾಧ್ಯತೆ ಬಂದದ್ದು ಬಿಡುಗಡೆಯೇ. ಅವನಿಗೆ ನಿಧಾನ ಎಂಬುದು ಸೌಂದರ್ಯವಾಗಿರಲಿಲ್ಲ, ಸುದ್ದಿ ತಲುಪುವ ಮೊದಲೇ ಮುಗಿದುಹೋದ ಸಾವಿನ ಮನೆಯಾಗಿತ್ತು.

ಆಕ್ಷೇಪ ಸರಿಯಾದದ್ದು, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಅದು ಹಳೆಯ ಬಿಡುವಿನ ಹಂಚಿಕೆ ಅನ್ಯಾಯದ್ದಾಗಿತ್ತು ಎನ್ನುತ್ತದೆಯೇ ಹೊರತು ಬಿಡುವು ಬೇಡವೆನ್ನುವುದಿಲ್ಲ. ಫೋನು ಆ ಹಂಚಿಕೆಯನ್ನು ನೇರ್ಪಡಿಸಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಕೆಲವು ಕಡೆ ಹೌದು: ಕಟ್ಟೆಗೆ ಬರಲಾರದವರು ಈಗ ಗುಂಪಿನಲ್ಲಿ ಮಾತಾಡುತ್ತಾರೆ. ಹಲವು ಕಡೆ ಇಲ್ಲ: ಉತ್ತರಿಸುವ ದುಡಿಮೆ ಮತ್ತೆ ಹೆಂಗಸರ ಪಾಲಿಗೆ, ಕಾಯುವ ದುಡಿಮೆ ಮತ್ತೆ ಕೂಲಿಯ ಪಾಲಿಗೆ ಬಂದಿವೆ. ಕಟ್ಟೆ ತೆರೆಯುವ ಬದಲು ಕರಗಿತು.

ಹೊತ್ತಿನ ಹಂಚಿಕೆಯನ್ನು ಬೇರೆ ಬಗೆಯಲ್ಲಿ ಕಲ್ಪಿಸಿಕೊಂಡ ಉದಾಹರಣೆಗಳು ಈ ನೆಲದ ಸಾಹಿತ್ಯಪರಂಪರೆಯಲ್ಲೇ ಇವೆ. ಇಂದಿನ ಗದ್ವಾಲ ಜಿಲ್ಲೆಯ ಉತ್ತನೂರು ಹದಿನೆಂಟನೆಯ ಶತಮಾನದ ಹರಿದಾಸರಾದ ಗೋಪಾಲದಾಸರು ನೆಲೆನಿಂತ ಊರು. ಅಲ್ಪಾಯುಷಿಯಾಗಿದ್ದ, ರೋಗದಿಂದ ನವೆಯುತ್ತಿದ್ದ ಪಂಡಿತನೊಬ್ಬನಿಗೆ ಅವರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದು ದಾಸಪರಂಪರೆ ನಂಬುತ್ತದೆ. ಆ ಪಂಡಿತನೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಇದನ್ನು ಪವಾಡವೆಂದು ನಂಬಬೇಕೋ ಬೇಡವೋ ಎಂಬುದು ಇಲ್ಲಿ ಅಪ್ರಸ್ತುತ. ಕನ್ನಡದ ಒಂದು ಮುಖ್ಯ ಕೃತಿಯನ್ನು ಇನ್ನೊಬ್ಬರು ಕೊಟ್ಟ ಹೊತ್ತಿನಲ್ಲಿ ಬರೆದದ್ದೆಂದು ಒಂದು ಸಮುದಾಯ ನೆನೆದುಕೊಳ್ಳುತ್ತದೆ ಎಂಬುದು ಪ್ರಸ್ತುತ. ಕಾಲವನ್ನು ಉಳಿಸುವುದು, ಕಳೆಯುವುದು, ವ್ಯರ್ಥ ಮಾಡುವುದು ಎಂಬ ವ್ಯಾಪಾರದ ಕ್ರಿಯಾಪದಗಳ ಜೊತೆಗೆ ಕೊಡುವುದು ಎಂಬ ಕ್ರಿಯಾಪದವನ್ನೂ ಈ ಕಥೆ ಸೇರಿಸುತ್ತದೆ.

ಇಲ್ಲಿಂದ ದೂರವಲ್ಲದ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ಮಗ್ಗದವನು. ಅವನು ನೇಯ್ದ ವಸ್ತ್ರವನ್ನು ಜಂಗಮನ ರೂಪದಲ್ಲಿ ಬಂದ ಶಿವ ಬೇಡಿ ಪಡೆದು ಹರಿದುಹಾಕಿದನೆಂದೂ ದಾಸಿಮಯ್ಯ ಸಿಟ್ಟಾಗಲಿಲ್ಲವೆಂದೂ ಕೊನೆಗೆ ಎಂದೂ ಬರಿದಾಗದ ತವನಿಧಿಯನ್ನು ಪಡೆದನೆಂದೂ ಶರಣಪುರಾಣಗಳ ಪರಂಪರೆ ಹೇಳುತ್ತದೆ. ಇಂಥ ಶರಣರ ಕಥೆಗಳನ್ನು ಪಾಲ್ಕುರಿಕಿ ಸೋಮನಾಥ ತೆಲುಗಿನ ‘ಬಸವಪುರಾಣ’ದಲ್ಲಿ ಕಟ್ಟಿದ. ಭೀಮಕವಿ ೧೩೬೯ರಲ್ಲಿ ಅದನ್ನು ಕನ್ನಡಕ್ಕೆ ತಂದ. ಕನ್ನಡದ ಶರಣರ ಕಥೆ ತೆಲುಗಿಗೆ ಹೋಗಿ, ಕಾವ್ಯವಾಗಿ, ಮತ್ತೆ ಕನ್ನಡಕ್ಕೆ ಮರಳಲು ತಲೆಮಾರುಗಳೇ ಹಿಡಿದವು. ಆ ತಡದಲ್ಲಿ ಎರಡೂ ಭಾಷೆಗಳು ಬೆಳೆದವು. ತಡ ಎಂಬುದು ಯಾವಾಗಲೂ ಅಡಚಣೆಯಲ್ಲ. ಕೆಲವೊಮ್ಮೆ ಅದೇ ಅನುವಾದದ ಕುಲುಮೆ.

೮

ಫೋನನ್ನು ದೂರವಿಡಿ ಎಂಬ ಉಪದೇಶ ಈ ಎಲ್ಲದರ ತೀರ್ಮಾನವಾಗಲಾರದು. ದಿನಕ್ಕೆರಡು ಚಿತ್ರ ತೆಗೆಸಿಕೊಳ್ಳದೆ ಕೂಲಿ ಸಿಗದವಳಿಗೆ, ಮಗ್ಗದ ಮೇಲಿನ ಸೀರೆಯ ಚಿತ್ರ ಕಳಿಸದೆ ಮಾರಾಟವಾಗದವನಿಗೆ ಆ ಉಪದೇಶ ಒಂದು ಅಣಕ. ಡಿಜಿಟಲ್ ಉಪವಾಸ ಹೊಟ್ಟೆ ತುಂಬಿದವರ ವ್ರತ. ಕೇಳಬೇಕಾದದ್ದು ವ್ಯಕ್ತಿಗಳ ಸಂಯಮವನ್ನಲ್ಲ, ಸಮುದಾಯದ ಹಕ್ಕನ್ನು. ಅಳತೆ ಮುಗಿಸಿದ ಕೂಲಿಗೆ ಕೂಡಲೇ ಮನೆಗೆ ಹೋಗುವ ಹಕ್ಕು, ಹಾಸು ಏರಿದ ಮಗ್ಗದ ಕಾಲವನ್ನು ಕೊಳ್ಳುವವರು ಒಪ್ಪಿಕೊಳ್ಳುವ ಕಟ್ಟುಪಾಡು, ಮಕ್ಕಳಿಗೆ ಶಾಲೆಯ ವೇಳಾಪಟ್ಟಿಯೊಳಗೇ ಒಂದು ಕನ್ನಡದ ಅವಧಿ. ಮನೆಮಾತನ್ನು ಪೂರ್ತಿಯಾಗಿ ಬಿಡುವಿನ ಪಾಲಿಗೆ ಬಿಟ್ಟದ್ದರಿಂದಲೇ ಬಿಡುವು ಹೋದಾಗ ಅದೂ ಹೋಗುವ ಅಪಾಯ ಬಂದಿದೆ. ಅದಕ್ಕೆ ಕೆಲಸದ ವೇಳೆಯಲ್ಲೂ ಒಂದು ಪಾಲು ಸಿಗಬೇಕು.

ಈ ಪ್ರಶ್ನೆ ಗಡಿಭಾಷೆಗಳನ್ನು ಅಧ್ಯಯನ ಮಾಡುವವರ ಕಡೆಗೂ ತಿರುಗುತ್ತದೆ. ಬೆಳಗಿನ ಬಸ್ಸಿಗೆ ಬಂದು, ಪದಪಟ್ಟಿಯ ಪ್ರಕಾರ ಕೇಳಿ, ಧ್ವನಿ ಮುದ್ರಿಸಿಕೊಂಡು, ಸಂಜೆಯ ರೈಲಿಗೆ ಮರಳುವ ಕ್ಷೇತ್ರಕಾರ್ಯವೂ ಇದೇ ಅವಸರದ ಕೂಸು. ೨೦೨೩ರ ಅಕ್ಟೋಬರಿನಲ್ಲಿ ಜಕ್ಲೇರ್ ಮತ್ತು ಕೃಷ್ಣಾ ನಿಲ್ದಾಣಗಳ ನಡುವೆ ಹೊಸ ಮಾರ್ಗ ತೆರೆದ ಮೇಲೆ ಮಕ್ತಲ್ ಸೀಮೆಗೆ ಹೋಗಿಬರುವುದು ಸುಲಭವಾಗಿದೆ. ಹೋದವರು ಅಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ರೈಲು ನಿರ್ಧರಿಸುವುದಿಲ್ಲ. ಸುಗ್ಗಿಯ ನಡುವೆ, ಅಡುಗೆಯ ನಡುವೆ ತಮ್ಮ ಹೊತ್ತನ್ನು ಕೊಟ್ಟು ಮಾತಾಡಿದವರ ಮಾತು ಸಂಗ್ರಹದಲ್ಲಿ ಉಳಿಯುತ್ತದೆ, ಅವರು ಕೊಟ್ಟ ಹೊತ್ತು ಮಾತ್ರ ಯಾವ ದಾಖಲೆಯಲ್ಲೂ ಸೇರುವುದಿಲ್ಲ. ಮುದ್ರಿಸಿಕೊಂಡದ್ದನ್ನು ಅದೇ ವೇಗದಲ್ಲಿ, ಅವರೊಂದಿಗೆ ಕೂತು ಮತ್ತೊಮ್ಮೆ ಕೇಳಿಸಿಕೊಳ್ಳುವುದು ಆ ಸಾಲವನ್ನು ತೀರಿಸುವ ಒಂದು ಬಗೆ.

ತೆಲುಗಿನ ಅವಸರದಲ್ಲಿ ಅಗತ್ಯವಿದೆ, ಕನ್ನಡದ ಅವಸರದಲ್ಲಿ ಆತುರವಿದೆ. ಇವೆರಡನ್ನೂ ಒಟ್ಟಿಗೆ ಬಲ್ಲ ಗಡಿಸೀಮೆಯ ಕಿವಿಗೆ ಒಂದನ್ನು ಇನ್ನೊಂದೆಂದು ತಪ್ಪು ತಿಳಿಯದಿರುವ ಅಭ್ಯಾಸ ತಲೆಮಾರುಗಳಿಂದ ಇದೆ. ಆ ಕಿವಿ ಉಳಿದಿರುವಷ್ಟು ಕಾಲ ಶಬ್ದದ ಮೂರನೆಯ ಅರ್ಥಕ್ಕೂ ಮರಳುವ ದಾರಿ ಇರುತ್ತದೆ.